ಕಾಫಿ ತೋಟಕ್ಕೆ ಯಾವ ಸುಣ್ಣ, ಎಷ್ಟು, ಯಾವಾಗ?

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ರೋಬಸ್ಟಾ ಕಾಫಿ ತೋಟವಿದೆ. ಮಣ್ಣು ಪರೀಕ್ಷೆ ಮಾಡಿಸಿದಾಗ ಪಿಎಚ್ (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.9 ಬಂತು. ಎಕರೆಗೆ 800 ಕೆ.ಜಿ. ಕೃಷಿ ಸುಣ್ಣ ಹಾಕಿ ಎಂದು ವರದಿಯಲ್ಲಿದೆ. ಗೊಬ್ಬರದ ಜೊತೆಗೇ ಎರಚಿದರೆ ಆಳಿನ ಖರ್ಚು ಉಳಿಯುತ್ತದಲ್ಲವೇ?

ಉತ್ತರ: ಕೂಲಿ ಉಳಿಯುತ್ತದೆ, ಗೊಬ್ಬರ ಹೋಗುತ್ತದೆ. ಯೂರಿಯಾ ಅಥವಾ ಅಮೋನಿಯಂ ಗೊಬ್ಬರಕ್ಕೆ ಸುಣ್ಣ ತಾಗಿದರೆ ಸಾರಜನಕ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಅರಳಿದ ಸುಣ್ಣವಾದರೆ (ಸುಟ್ಟ ಸುಣ್ಣಕ್ಕೆ ನೀರು ಹಾಕಿದ್ದು) ಆ ಘಾಟು ಮೂಗಿಗೇ ಬಡಿಯುತ್ತದೆ. ಎರಡರ ನಡುವೆ ಕನಿಷ್ಠ ಮೂರು-ನಾಲ್ಕು ವಾರ ಬಿಡಿ. ರಾಕ್ ಫಾಸ್ಫೇಟ್ (ರಂಜಕದ ಕಲ್ಲಿನ ಪುಡಿ) ಹಾಕುವವರು ಇನ್ನೂ ಎಚ್ಚರ ವಹಿಸಬೇಕು. ಅದು ಕರಗುವುದೇ ಮಣ್ಣಿನ ಹುಳಿಯಿಂದ. ಅದರ ಮೇಲೆ ಸುಣ್ಣ ಸುರಿದರೆ ರಂಜಕ ಗಿಡಕ್ಕೆ ಸಿಗುವುದೇ ನಿಧಾನವಾಗುತ್ತದೆ.

ಕೊಡಗಿನ ಮಣ್ಣು ಹುಳಿಯಾಗುವುದಕ್ಕೆ ಮುಖ್ಯ ಕಾರಣ ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಸುರಿಯುವ ನೀರು ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದು ಹೊಳೆಗೆ ಸೇರಿಸುತ್ತದೆ. ವರ್ಷವರ್ಷ ಹಾಕುವ ಅಮೋನಿಯಂ ಗೊಬ್ಬರವೂ ಹುಳಿ ಹೆಚ್ಚಿಸುತ್ತದೆ. ಪಿಎಚ್ 5ಕ್ಕಿಂತ ಕೆಳಗಿಳಿದರೆ ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಹಾಳುಮಾಡುತ್ತದೆ. ಒಂದು ಗಿಡದ ಬುಡ ಕೆದಕಿ ನೋಡಿ: ಹೀರುಬೇರುಗಳು ಮೊಂಡಾಗಿ, ಕಂದಾಗಿ, ಕವಲೊಡೆಯದೆ ನಿಂತಿದ್ದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ. ಅಂಥ ಬೇರಿಗೆ ಎಷ್ಟು ಗೊಬ್ಬರ ಕೊಟ್ಟರೂ ಹತ್ತುವುದಿಲ್ಲ. ಕಾಫಿಗೆ 6ರಿಂದ 6.5 ಹಿತ.

ವರದಿಯ 800 ಕೆ.ಜಿ. ಎಂಬುದು ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದ್ದು, ಅಂದರೆ ಸುಣ್ಣದ ಕಲ್ಲನ್ನು ಸುಡದೆ ಬೀಸಿದ ಪುಡಿ. ಅಂಗಡಿಯಲ್ಲಿ ಬೇರೆ ಮಾಲು ಕೊಟ್ಟರೆ ಲೆಕ್ಕ ಬದಲಾಗುತ್ತದೆ. 100 ಕೆ.ಜಿ. ಕಾರ್ಬೋನೇಟ್ ಮಾಡುವ ಕೆಲಸಕ್ಕೆ ಶುದ್ಧ ಡಾಲೊಮೈಟ್ (ಮೆಗ್ನೀಸಿಯಂ ಕೂಡ ಇರುವ ಸುಣ್ಣದ ಕಲ್ಲಿನ ಪುಡಿ) 92, ಅರಳಿದ ಸುಣ್ಣ 74, ಸುಟ್ಟ ಸುಣ್ಣ 56 ಕೆ.ಜಿ. ಸಾಕು. ಕಡಿಮೆ ಸಾಕೆಂದು ಸುಟ್ಟ ಸುಣ್ಣಕ್ಕೆ ಆಸೆಪಡಬೇಡಿ. ನಿಂತ ತೋಟದಲ್ಲಿ ಅದು ಮೇಲ್ಪದರದ ಬೇರು ಸುಡುತ್ತದೆ, ಎರಚುವವರ ಕಣ್ಣಿಗೂ ಅಪಾಯ. ಹಳೆಯ ಎಲೆಗಳಲ್ಲಿ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತಿದ್ದರೆ ಮೆಗ್ನೀಸಿಯಂ ಕೊರತೆಯಿರಬಹುದು, ಆಗ ಡಾಲೊಮೈಟ್ ಒಳ್ಳೆಯದು.

ಕೊಳ್ಳುವಾಗ ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ ನೋಡಿ. ಮೈದಾದಷ್ಟು ನುಣುಪಿರಬೇಕು. ಈ ಪುಡಿ ಬರೀ ನೀರಿನಲ್ಲಿ ಕರಗುವುದು ಅತ್ಯಲ್ಪ, ಹುಳಿ ಮಣ್ಣು ತಾಗಿದ ಕಡೆ ಮಾತ್ರ ಕೆಲಸ ಮಾಡುತ್ತದೆ. ಮರಳಿನಂಥ ಕಾಳು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ, ಅಗ್ಗದ ಚೀಲದ ಗುಟ್ಟು ಬಹಳ ಸಲ ಇದೇ.

ಮಳೆ ಬಿಟ್ಟು ಮಣ್ಣಲ್ಲಿ ಹಸಿ ಇರುವಾಗ, ಕೊಯ್ಲಿಗೆ ಮುಂಚೆ, ಅಕ್ಟೋಬರ್-ನವೆಂಬರ್‌ನಲ್ಲಿ ಹಾಕಿ. 10×10 ಅಡಿ ಅಂತರದಲ್ಲಿ ಎಕರೆಗೆ 435 ಗಿಡ, ಗಿಡದ ಪಾಲಿಗೆ ಸುಮಾರು 1.8 ಕೆ.ಜಿ. ಬುಡಕ್ಕೆ ಗುಡ್ಡೆ ಹಾಕದೆ ಗಿಡಗಳ ನಡುವಿನ ಜಾಗಕ್ಕೆಲ್ಲ ಸಮನಾಗಿ ಎರಚಿ. ಮೊದಲು ತರಗೆಲೆ ಸರಿಸಿ, ಸುಣ್ಣ ಎರಚಿ, ಮೇಲ್ಮಣ್ಣನ್ನು ಹಗುರವಾಗಿ ಕೆರೆದು ತರಗೆಲೆ ಮತ್ತೆ ಮುಚ್ಚಿ. ತರಗೆಲೆಯ ಮೇಲೇ ಎರಚಿದರೆ ಸುಣ್ಣ ಮಣ್ಣಿಗೆ ತಲುಪುವುದೇ ತಡ.

ಗಿಡ ಚೇತರಿಸಿತೆಂದು ಪ್ರತಿ ವರ್ಷ ಹಾಕುವ ಚಟ ಬೇಡ. ಪಿಎಚ್ ಮೇಲೇರಿದರೆ ಸತು, ಬೋರಾನ್, ಕಬ್ಬಿಣ ಸಿಗದೆ ಚಿಗುರು ಸಣ್ಣದಾಗಿ ಬಿಳಚಿಕೊಳ್ಳುತ್ತದೆ. ಎರಡು-ಮೂರು ವರ್ಷಕ್ಕೊಮ್ಮೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲೋ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ತೀರ್ಮಾನಿಸಿ.

ಪ್ರಶ್ನೆ: ಉಳಿದ ಕೃಷಿ ಸುಣ್ಣದಲ್ಲೇ ಕಾಳುಮೆಣಸಿಗೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಮಾಡಬಹುದೇ? ಹಿಂದೊಮ್ಮೆ ಮನೆಯಲ್ಲಿದ್ದ ಹಳೆ ಸುಣ್ಣ ಬಳಸಿದಾಗ ಚಿಗುರೆಲ್ಲ ಸುಟ್ಟಿತ್ತು.

ಉತ್ತರ: ಆಗುವುದಿಲ್ಲ, ಕೃಷಿ ಸುಣ್ಣವೆಂದರೆ ಕಾರ್ಬೋನೇಟ್. ಹಳೆ ಸುಣ್ಣ ಕೈಕೊಟ್ಟ ಕಾರಣವೂ ಇದೇ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಅರಳಿದ ಸುಣ್ಣವಾಗುತ್ತದೆ; ಮೈಲುತುತ್ತದ (ತಾಮ್ರದ ಸಲ್ಫೇಟ್) ಹುಳಿಯನ್ನು ಪೂರ್ತಿ ಕಳೆಯುವುದು ಅದು. ಚೀಲ ಬಿಚ್ಚಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮರಳಿ ಕಾರ್ಬೋನೇಟ್ ಆಗುತ್ತದೆ. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗಲು ಬೇಕಾದದ್ದು ಈ ಗುಣವೇ, ಸಿಂಪರಣೆಗೆ ಮಾತ್ರ ಇದೇ ಕೇಡು. ಕಾರ್ಬೋನೇಟ್ ಅರೆಬರೆ ಕೆಲಸ ಮಾಡುವುದರಿಂದ ಬಿಡಿ ತಾಮ್ರ ಉಳಿದು ಎಲೆ ಸುಡುತ್ತದೆ.

ಪರೀಕ್ಷೆ ಸುಲಭ. ಒಂದು ಚಮಚ ಸುಣ್ಣಕ್ಕೆ ನಿಂಬೆರಸ ಹಿಂಡಿ. ಬುರುಬುರು ನೊರೆ ಬಂದರೆ ಅದು ಕಾರ್ಬೋನೇಟ್, ಬೋರ್ಡೋಗೆ ಬೇಡ. (ಕೊಡಗಿನ ಅಡುಗೆಯ ಹುಳಿರಸ ಕಾಚಂಪುಳಿಯೂ ನೊರೆ ಬರಿಸುತ್ತದೆ, ಆದರೆ ಅದನ್ನು ಪಂದಿ ಕರಿಗೇ ಇಟ್ಟುಕೊಳ್ಳಿ.)

ಶೇ. 1ರ ದ್ರಾವಣಕ್ಕೆ ಮೈಲುತುತ್ತ 1 ಕೆ.ಜಿ., ಹೊಸ ಸುಟ್ಟ ಸುಣ್ಣ 1 ಕೆ.ಜಿ., ನೀರು 100 ಲೀಟರ್. ಪ್ಲಾಸ್ಟಿಕ್ ಡ್ರಮ್‌ಗಳಲ್ಲಿ 50 ಲೀಟರ್‌ನಂತೆ ಬೇರೆಬೇರೆಯಾಗಿ ಕರಗಿಸಿ, ಸುಣ್ಣದ ನೀರು ತಣಿದ ಮೇಲೆ ಸೋಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಿರಿ. ಉಲ್ಟಾ ಮಾಡಬೇಡಿ. ಉಜ್ಜಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ; ಕೆಂಪು ತಾಮ್ರ ಹತ್ತಿದ್ದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ನೋಡಿ. ಮಾಡಿದ ದಿನವೇ ಹೊಡೆದು ಮುಗಿಸಿ.

ಪ್ರಶ್ನೆ: ನಮ್ಮದು ಹೋಂಸ್ಟೇ. ಮೊಟ್ಟೆಯ ಚಿಪ್ಪನ್ನು ಸುಣ್ಣದ ಬದಲು ಹಾಕಬಹುದೇ? ಬಸವನಹುಳುವೂ ಬರುವುದಿಲ್ಲ ಎನ್ನುತ್ತಾರೆ.

ಉತ್ತರ: ಚಿಪ್ಪಿನಲ್ಲಿ ಶೇ. 95ರಷ್ಟು ಕ್ಯಾಲ್ಸಿಯಂ ಕಾರ್ಬೋನೇಟೇ ಇದೆ. ಆದರೆ ಒಂದು ಚಿಪ್ಪು ಐದಾರು ಗ್ರಾಂ ತೂಗುತ್ತದೆ. ದಿನಕ್ಕೆ ಹತ್ತು ಮೊಟ್ಟೆ ಒಡೆದರೂ ವರ್ಷಕ್ಕೆ 20 ಕೆ.ಜಿ., ಮೇಲಿನ ಲೆಕ್ಕದಲ್ಲಿ ಹತ್ತು-ಹನ್ನೊಂದು ಕಾಫಿ ಗಿಡಕ್ಕೆ ಸರಿ. ತರಕಾರಿ ಮಡಿಗೆ ಹಾಕುವುದಾದರೆ ತೊಳೆದು, ಒಣಗಿಸಿ, ಮಿಕ್ಸಿಯಲ್ಲಿ ಪುಡಿಮಾಡಿ ಹಾಕಿ. ಬಸವನಹುಳು ಓಡುತ್ತದೆ ಎಂಬುದನ್ನು ನಂಬಬೇಡಿ. ತನ್ನ ಚಿಪ್ಪು ಕಟ್ಟಿಕೊಳ್ಳಲು ಅದಕ್ಕೆ ಇದೇ ಬೇಕು, ಸುಣ್ಣ ಬಳಿದ ಗೋಡೆಯನ್ನೂ ಕೆರೆದು ತಿನ್ನುತ್ತದೆ. ಮನೆಯಲ್ಲಿ ಮೊಟ್ಟೆಯಿಡುವ ಕೋಳಿಗಳಿದ್ದರೆ ಚಿಪ್ಪನ್ನು ಕುದಿಸಿ, ಒಣಗಿಸಿ, ಗುರುತು ಸಿಗದಷ್ಟು ಪುಡಿಮಾಡಿ ಅವಕ್ಕೇ ಕೊಡಿ.