ಮೀಟರ್ ಬಿಡಿ, ಪಿನ್ನು-ಪೆಡಲ್ ನೋಡಿ

ಪ್ರಶ್ನೆ: ಮುಂದೆ ಮಣ್ಣೆತ್ತುವ ಬಕೆಟ್, ಅಂದರೆ ಲೋಡರ್ ಜೋಡಿಸಿರುವ ಹಳೇ ಟ್ರ್ಯಾಕ್ಟರ್ ಒಂದಿದೆ. ಇಂಜಿನ್ ಓಡಿದ ಗಂಟೆ ತೋರಿಸುವ ಮೀಟರ್‌ನಲ್ಲಿ 1,200 ಗಂಟೆ, ಪೇಂಟ್ ಹೊಸದು. ಕೊಳ್ಳಬಹುದೇ?

ಉತ್ತರ: ಎಷ್ಟು ಸಲ ಹೇಳಿದರೂ ಮತ್ತೆ ಮೀಟರ್ ಮಾತೇ! ಮೀಟರ್ ಬದಲಾಯಿಸುವುದು ದೊಡ್ಡ ಕೆಲಸವಲ್ಲ. ಕ್ಲಚ್ ಪೆಡಲ್ ನೋಡಿ. ಕಾಲಿಡುವ ಕಡೆ ಗೀರುಗಳೆಲ್ಲ ಸವೆದು ಕಬ್ಬಿಣ ಮಿರಮಿರ ಹೊಳೆಯುತ್ತಿದ್ದರೆ ಆ 1,200 ಅನ್ನು ನಂಬಬೇಡಿ. ಹೊಸ ಪೇಂಟ್ ಕಂಡರೆ ನನಗೆ ಅನುಮಾನವೇ ಹೆಚ್ಚು. ಎಣ್ಣೆ ಜಿನುಗಿದ ಕಲೆ, ವೆಲ್ಡಿಂಗ್ ಗುರುತು ಎರಡೂ ಅದರಡಿ ಅಡಗುತ್ತವೆ.

ನೀವು ಬರುವ ತನಕ ಸ್ಟಾರ್ಟ್ ಮಾಡಬಾರದೆಂದು ಮೊದಲೇ ಹೇಳಿಡಿ. ಹೋದ ಕೂಡಲೇ ಇಂಜಿನ್ ಮುಟ್ಟಿ ನೋಡಿ; ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೊರಡಿ. ಸ್ಟಾರ್ಟಿಂಗ್ ತೊಂದರೆ ಬಿಸಿ ಇಂಜಿನ್ನಿನಲ್ಲಿ ಗೊತ್ತೇ ಆಗುವುದಿಲ್ಲ. ಡಿಪ್‌ಸ್ಟಿಕ್‌ನಲ್ಲಿ (ಇಂಜಿನ್ ಆಯಿಲ್ ಅಳೆಯುವ ಕಡ್ಡಿ) ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ. ಬ್ರೀದರ್‌ನಿಂದ (ಇಂಜಿನ್ ಒಳಗಿನ ಗಾಳಿ ಹೊರಬಿಡುವ ಕೊಳವೆ) ಒಂದೇ ಸಮ ಹೊಗೆ ನುಗ್ಗುತ್ತಿದ್ದರೆ ಪಿಸ್ಟನ್ನಿನ ರಿಂಗ್, ಪಿಸ್ಟನ್ ಓಡಾಡುವ ಲೈನರ್ ಸವೆದಿರುವ ಸಾಧ್ಯತೆಯೇ ಹೆಚ್ಚು.

ಇನ್ನು ಲೋಡರ್. ಬಕೆಟ್ಟಿಗೆ ಮಣ್ಣು ತುಂಬಿ ಗೇಣುದ್ದ ಎತ್ತಿಸಿ, ಇಂಜಿನ್ ಆಫ್ ಮಾಡಿಸಿ. ಎತ್ತಿದ ಬಕೆಟ್ಟಿನ ಕೆಳಗೆ ಕೈಕಾಲು ಹಾಕಬೇಡಿ. ಕಣ್ಣೆದುರೇ ಇಳಿಯುತ್ತಿದ್ದರೆ ಸಿಲಿಂಡರ್ ಸೀಲ್ ಇಲ್ಲವೇ ವಾಲ್ವ್ ಹೋಗಿದೆ. ಲೋಡರಿನ ಕೀಲುಗಳಲ್ಲಿ ಪಿನ್ ಕೂರುವ ತೂತು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಬರೀ ಬುಷ್ (ತೂತಿನೊಳಗೆ ಕೂರುವ ಲೋಹದ ಬಳೆ) ಹಾಕಿ ಪ್ರಯೋಜನವಿಲ್ಲ. ವೆಲ್ಡಿಂಗ್ ತುಂಬಿಸಿ ಮತ್ತೆ ದುಂಡಗೆ ಕೊರೆಸಬೇಕು. ಲೋಡರಿನ ಭಾರ ತಿನ್ನುವುದು ಮುಂದಿನ ಆಕ್ಸಲ್. ಜ್ಯಾಕ್ ಕೊಟ್ಟು ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ; ಸಡಿಲವಾಗಿ ಆಡಿದರೆ ಸವೆದಿದೆ. ಲೋಡರಿನ ಬ್ರಾಕೆಟ್ ಬೋಲ್ಟ್ ಮಾಡಿರುವ ಕಡೆ ಟಾರ್ಚ್ ಹಾಕಿ ಬಿರುಕು ಹುಡುಕಿ. ಅಲ್ಲಿ ಬಿರುಕಿದ್ದರೆ ನಾನಂತೂ ಬಿಟ್ಟಿ ಕೊಟ್ಟರೂ ಒಲ್ಲೆ.

ಹೈಡ್ರಾಲಿಕ್ ಪೈಪ್ ಸೋರುತ್ತಿದೆಯೇ ಎಂದು ಬರಿಗೈಯಲ್ಲಿ ತಡವಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ನೋವು ಮೊದಲು ಅಷ್ಟಾಗಿ ಕಾಣದು, ತಡಮಾಡಿದರೆ ಬೆರಳೇ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಿ. ಚಿಮ್ಮಿದ ಎಣ್ಣೆ ಮೈಗೆ ತಾಗಿದರೆ ಕೂಡಲೇ ಆಸ್ಪತ್ರೆಗೆ ಓಡಿ.

ಪ್ರಶ್ನೆ: ಎಚ್‌ಪಿ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ?

ಉತ್ತರ: ಅಲ್ಲ. ನಿಮ್ಮಲ್ಲಿರುವ ಉಪಕರಣ ಎಳೆಯುವಷ್ಟಿದ್ದರೆ ಸಾಕು.

ಪ್ರಶ್ನೆ: ಹೊಗೆ ನಿಲ್ಲಿಸುವ ಔಷಧಿ ಹಾಕಿದರೆ ಇಂಜಿನ್ ಸರಿಹೋಗುತ್ತದೆಂದು ಮೆಕ್ಯಾನಿಕ್ ಹೇಳುತ್ತಾನೆ. ನಿಜವೇ?

ಉತ್ತರ: ಸವೆದ ಲೋಹವನ್ನು ಯಾವ ಡಬ್ಬಿಯೂ ಬೆಳೆಸುವುದಿಲ್ಲ. ಹೊಗೆ ಕೆಲವು ದಿನ ಅಡಗುತ್ತದೆ, ಅಷ್ಟರಲ್ಲಿ ಗಾಡಿ ಮಾರಾಟವಾಗುತ್ತದೆ. ಮೆಕ್ಯಾನಿಕ್ ಬದಲಾಯಿಸಿ.

ಪ್ರಶ್ನೆ: ಹೊಲದಲ್ಲಿ ಒಂದು ಸುತ್ತು ಓಡಿಸಿ ನೋಡಲು ಮಾಲೀಕರು ಬಿಡುತ್ತಿಲ್ಲ.

ಉತ್ತರ: ಕೊಳ್ಳಬೇಡಿ.