ಗುರುವಾರ ನೀನು ಬಂದಿರಲಿಲ್ಲ

ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯ ಒಂದು ಸರ್ಕಾರಿ ಕಾಲೇಜಿನಲ್ಲಿ ನಾನು ಆಪ್ತಸಲಹೆಗಾರ್ತಿ. ಓದು ಅರ್ಧಕ್ಕೇ ಬಿಡಲು ಹೊರಟ ವಿದ್ಯಾರ್ಥಿಯ ಪ್ರಕರಣ ಪ್ರತಿ ಸೆಮಿಸ್ಟರ್ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಹೀಗೆ ಬಂದ ಒಬ್ಬ ಹುಡುಗಿಯ ಅಪ್ಪ ಅಮ್ಮ ಮೆಕ್ಸಿಕೊದಿಂದ ಬಂದು ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವವರು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಇವಳೇ ಮೊದಲು. ಓದು ನಡೆಯುತ್ತಿದ್ದದ್ದು ಅಮೆರಿಕದ ಕೇಂದ್ರ ಸರ್ಕಾರ ಕಡಿಮೆ ಆದಾಯದವರಿಗೆ ಕೊಡುವ ಸಹಾಯಧನ, ಪೆಲ್ ಗ್ರಾಂಟ್‌ನಿಂದ. ಕಾಲೇಜು ಬಿಡುವ ಫಾರಂ ತುಂಬಿಕೊಂಡೇ ಬಂದಿದ್ದಳು. "ಇದು ನನ್ನಂಥವರ ಜಾಗ ಅಲ್ಲ" ಅಂದಳು.

ನಾನು ವಾದಕ್ಕೆ ಇಳಿಯಲಿಲ್ಲ. "ಮತ್ತೆ ಇಷ್ಟು ದಿನ ಯಾಕೆ ಬಿಡಲಿಲ್ಲ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನ್ ತೆಗೆದು ಒಂದು ಹಳೆಯ ಮೇಲ್ ತೋರಿಸಿದಳು. ಕೆಮಿಸ್ಟ್ರಿ ಲ್ಯಾಬ್ ಮೇಷ್ಟ್ರದು. "ಗುರುವಾರ ನೀನು ಬಂದಿರಲಿಲ್ಲ. ಹೋದ ವಾರದ ನಿನ್ನ ಟೈಟ್ರೇಶನ್ ರೀಡಿಂಗ್ ಚೆನ್ನಾಗಿತ್ತು, ಲೆಕ್ಕ ಮಾತ್ರ ತಪ್ಪಿದೆ. ಆಫೀಸ್ ಅವರ್ಸ್‌ಗೆ ಬಾ, ಸರಿ ಮಾಡೋಣ."

"ನಾನು ಬಂದಿಲ್ಲ ಅಂತ ಒಬ್ಬರಿಗಾದರೂ ಗೊತ್ತಾಯ್ತಲ್ಲ" ಅಂದಳು.

ಹೋಗಿದ್ದಳಾ? ಇಲ್ಲ. ಆಫೀಸ್ ಅವರ್ಸ್ ಅಂದರೆ ವಿದ್ಯಾರ್ಥಿಗಳ ಸಂದೇಹ ಕೇಳಲೆಂದೇ ಇಟ್ಟ ಹೊತ್ತು. ಇವಳು ಪ್ರೊಫೆಸರ್ ತಮ್ಮ ಕೆಲಸ ಮಾಡಿಕೊಳ್ಳುವ ಹೊತ್ತು ಅದು, ಆಗ ಬಾಗಿಲು ತಟ್ಟಬಾರದು ಅಂದುಕೊಂಡಿದ್ದಳು!

ನಾನು ಹೇಳಿದ್ದು ಇಷ್ಟು. ಫಾರಂ ಈ ವಾರ ಕೊಡಬೇಡ. ಸೆಮಿಸ್ಟರ್‌ನ ಶೇ. 60 ಭಾಗ ದಾಟುವ ಮೊದಲೇ ಪೂರ್ತಿ ಬಿಟ್ಟರೆ ಗ್ರಾಂಟ್‌ನಲ್ಲಿ ಸ್ವಲ್ಪ ಹಣ ವಾಪಸ್ ಹೋಗುತ್ತದೆ, ಆ ಹೊರೆ ನಿನ್ನ ಮೇಲೂ ಬೀಳಬಹುದು. ಲೆಕ್ಕ ತಪ್ಪಿದ ಹಾಳೆ ಹಿಡಿದು ಮೇಷ್ಟ್ರ ಹತ್ತಿರ ಹೋಗು. "ಈ ಸಾಲಿನಲ್ಲಿ ಸಿಕ್ಕಿಹಾಕಿಕೊಂಡೆ" ಅಂದರೆ ಸಾಕು. (ಮೇಲ್‌ನಿಂದ ಮನೆ ಬಾಡಿಗೆ ಕಟ್ಟೋಕಾಗಲ್ಲ. ಕಾಲೇಜಿನ ತುರ್ತು ನೆರವಿಗೂ ಅರ್ಜಿ ಹಾಕಿಸಿದೆ.) ಹೋದಳು. ಕೆಮಿಸ್ಟ್ರಿಯಲ್ಲಿ ಸಿ ಗ್ರೇಡ್ ಬಂತು. ಈಗ ಮುಂದಿನ ಸೆಮಿಸ್ಟರ್‌ನಲ್ಲಿದ್ದಾಳೆ.

ಕಾಲೇಜಿಗೆ ಬಂದವರನ್ನು ಇಷ್ಟು ಮುದ್ದು ಮಾಡಬೇಕಾ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ನನ್ನ ಉತ್ತರ ಇದು: ಆಫೀಸ್ ಅವರ್ಸ್‌ನಂಥದ್ದನ್ನೆಲ್ಲ ಡಾಕ್ಟರ ಮಗನಿಗೆ ಮನೆಯಲ್ಲೇ ಹೇಳಿಕೊಟ್ಟಿರುತ್ತಾರೆ. ಅದನ್ನು ಯಾರೂ ಮುದ್ದು ಅನ್ನುವುದಿಲ್ಲ. ಆ ಮೇಲ್‌ನಲ್ಲಿ ತಪ್ಪನ್ನೂ ಹೇಳಿತ್ತು, ಅದಕ್ಕೇ ಅವಳು ಮೆಚ್ಚುಗೆಯನ್ನು ನಂಬಿದಳು. ಬರೀ "ವೆರಿ ಗುಡ್" ಅಂದಿದ್ದರೆ ಕನಿಕರ ಅಂದುಕೊಳ್ಳುತ್ತಿದ್ದಳು. ಸಣ್ಣ ಸಣ್ಣ ಕಡೆಗಣಿಕೆಗಳು ಜನರನ್ನು ಹೇಗೆ ಹೊರಗೆ ತಳ್ಳುತ್ತವೆ ಅಂತ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೇರಿ ರೋ 1970ರ ದಶಕದಲ್ಲೇ ಬರೆದಿದ್ದರು. ಈ ಥರದ ಪುಟ್ಟ ಮೆಚ್ಚುಗೆಗೆ 'ಮೈಕ್ರೋ ಅಫರ್ಮೇಶನ್' ಅಂದವರೂ ಅವರೇ.

ಅಮೆರಿಕದಲ್ಲಿ ಟಿಎ (ಪ್ರೊಫೆಸರ್‌ಗೆ ಪಾಠದಲ್ಲಿ ನೆರವಾಗುವ ಸಹಾಯಕರು) ಆಗಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರೂ ಇದನ್ನು ಓದಬಹುದು. ಕ್ಲಾಸಿಗೆ ಬಾರದವರಿಗೆ ಎರಡು ಸಾಲು ಬರೆಯಿರಿ, ಅದರಲ್ಲಿ ಅವರ ಕೆಲಸದ ಬಗ್ಗೆ ಒಂದು ನಿಜವಾದ ಮಾತಿರಲಿ. ಹೆಸರು ಕಷ್ಟ ಅಂತ ಯಾರನ್ನೂ ಕರೆಯದೆ ಬಿಡಬೇಡಿ, ಕೇಳಿ ಕಲಿತುಕೊಳ್ಳಿ. ನಮ್ಮ ಹೆಸರುಗಳನ್ನು ಅಲ್ಲಿ ಏನೇನು ಮಾಡುತ್ತಾರೆ ಅಂತ ನಿಮಗೇ ಗೊತ್ತು, ಅಲ್ವಾ?