ಗೇಮ್ ಆಡುವವರು ಕನ್ಸೋಲ್ ಬಿಟ್ಟು ಪಿಸಿ ಕಡೆ ವಾಲುತ್ತಿರುವುದು ಯಾಕೆ?

ಮೊದಲು ಕನ್ಸೋಲ್ (ಟಿವಿಗೆ ಜೋಡಿಸಿ ಗೇಮ್ ಆಡುವ ಸೋನಿಯ ಪ್ಲೇಸ್ಟೇಷನ್, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ತರದ ಪೆಟ್ಟಿಗೆ) ಕೊಳ್ಳಲು ಇದ್ದ ದೊಡ್ಡ ಕಾರಣ ಒಂದೇ: ಕೆಲವು ಗೇಮ್‌ಗಳು ಅಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಅದು ಈಗ ಸಡಿಲವಾಗಿದೆ. ಸೋನಿ 'ಹೊರೈಜನ್ ಝೀರೋ ಡಾನ್' ಅನ್ನು 2020ರಲ್ಲಿ, 'ಗಾಡ್ ಆಫ್ ವಾರ್' ಅನ್ನು 2022ರಲ್ಲಿ ಪಿಸಿಗೆ ತಂದಿತು. ಅದೂ ಕನ್ಸೋಲ್‌ಗೆ ಬಂದು ಮೂರ್ನಾಲ್ಕು ವರ್ಷ ಆದ ಮೇಲೆ. ಮೈಕ್ರೋಸಾಫ್ಟ್ ತನ್ನ ಹೊಸ ಗೇಮ್‌ಗಳನ್ನು ಸಾಮಾನ್ಯವಾಗಿ ಎಕ್ಸ್‌ಬಾಕ್ಸ್, ಪಿಸಿ ಎರಡಕ್ಕೂ ಒಂದೇ ದಿನ ಬಿಡುತ್ತದೆ. ಇನ್ನೊಂದು ಕನ್ಸೋಲ್ ಕಂಪನಿ ನಿಂಟೆಂಡೊ ಮಾತ್ರ ಜಪ್ಪಯ್ಯ ಅಂದರೂ ಜಗ್ಗಿಲ್ಲ.

ದುಡ್ಡಿನ ಲೆಕ್ಕ ಬೇರೆ. ಮೊದಲ ಖರ್ಚು ಪಿಸಿಗೇ ಜಾಸ್ತಿ. ಗೇಮ್‌ನ ಚಿತ್ರ ಮೂಡಿಸುವ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಒಂದಕ್ಕೇ ಇಡೀ ಕನ್ಸೋಲ್‌ನಷ್ಟು ಬೆಲೆ ಇರಬಹುದು. 2021ರಲ್ಲಿ ಕ್ರಿಪ್ಟೊ ಮೈನಿಂಗ್ (ಕಂಪ್ಯೂಟರ್ ಓಡಿಸಿ ಡಿಜಿಟಲ್ ಹಣ ಗಳಿಸುವ ಕೆಲಸ) ಮಾಡುವವರು ಕಾರ್ಡ್‌ಗಳನ್ನು ಬಾಚಿಕೊಂಡಾಗಂತೂ ಬೆಲೆ ಕೇಳುವ ಹಾಗಿರಲಿಲ್ಲ. ಆದರೆ ಆಮೇಲಿನ ಖರ್ಚು ನೋಡಿ. ಪ್ಲೇಸ್ಟೇಷನ್‌ನಲ್ಲಿ ದುಡ್ಡು ಕೊಟ್ಟು ಕೊಂಡ ಗೇಮನ್ನು ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡಲು ಸಾಮಾನ್ಯವಾಗಿ ಪಿಎಸ್ ಪ್ಲಸ್ ಚಂದಾ ಬೇರೆ ಕಟ್ಟಬೇಕು! ಪಿಸಿಯಲ್ಲಿ ಆ ಕಾಟ ಇಲ್ಲ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸೇಲ್ ಬಂದರೆ ಎಷ್ಟೋ ಹಳೆಯ ಗೇಮ್‌ಗಳು ಅರ್ಧಕ್ಕಿಂತ ಕಡಿಮೆಗೆ ಸಿಗುತ್ತವೆ.

ಡ್ರೈವರ್, ಸೆಟ್ಟಿಂಗ್ಸ್ ಅಂತ ತಲೆಕೆಡಿಸಿಕೊಳ್ಳದೆ ಸುಮ್ನೆ ಸೋಫಾದಲ್ಲಿ ಕೂತು ಆಡುವವರಿಗೆ ನಾನು ಈಗಲೂ ಕನ್ಸೋಲನ್ನೇ ಹೇಳುವುದು. ಓದಿಗೋ ಆಫೀಸಿಗೋ ಹೇಗೂ ಕಂಪ್ಯೂಟರ್ ಕೊಳ್ಳುವವರಾದರೆ ಅದಕ್ಕೇ ಇನ್ನಷ್ಟು ದುಡ್ಡು ಸೇರಿಸಿ.